ಹಂಗಂತ

ನಾ ಅಂದಿದ್ದು ಇಷ್ಟೇ:
ಪುತಳಾಬಾಯಿ ನಮ್ಮ ಕೂಸಿನ ಮಾರಿ
ಭಾಳ ಹೊತ್ತು ನೋಡಿದಳು,
ಮರುದಿನ ಜ್ವರ ಬಂದವು.

ಫರಸಿಕಲ್ಲಿನ ಕಟ್ಟಿ ಮ್ಯಾಲ ನಾಕು ಮಂದಿ ಕುಂತು
ತೊಗರಿಬ್ಯಾಳಿಯೊಳಗಿನ ಹಳ್ಳು ಆರಿಸ್ತಿದ್ದಿವಿ.
ಮೊರದ ಸಪ್ಪಳಕ್ಕ ಮಾತು, ಮಾತಿಗಿ ಮೊರ.
ಖರೇನೇ ನೋಡಿದ್ದಳು. ಗಲ್ಲ ಮುಟ್ಟಿ, ಲಟಿಕಿ ಮುರದು,
"ಥೇಟ್ ನಿಮ್ಮತ್ತಿ ಮಾರಿ" ಅಂದಿದ್ದಳು.
ಆ ಅರ್ಧ ನಾ ಹೇಳಲಿಲ್ಲ.
ಹೇಳಬೇಕು ಅನ್ನೋದ್ರಾಗ ಬಂಡಮ್ಮ ಮೊರ ಕೇರಿದಳು,
ಹೊಟ್ಟು ಹಾರಿತು,
ಎಲ್ಲರೂ ಕಣ್ಣು ಮುಚ್ಚಿಕೊಂಡಿವಿ.

ಹಂಗಂತ, ಅಂದಳು ಸುಗಲಾಬಾಯಿ ನಳದ ಕಟ್ಟಿಗಿ.
ಹಂಗಂತ, ಅಂತು ನಳದ ಕಟ್ಟಿ ಗಿರಣಿಗಿ.
ಗಿರಣಿಯೊಳಗ ಜ್ವಾಳದ ಜೋಡಿ ಬಿದ್ದ ಮಾತು
ನುಣ್ಣಗ, ಬಿಸಿಬಿಸಿ ಹೊರಗ ಬಂತು:
ಕೂಸಿನ ಮೈಯಿಂದ ಹೊಗಿ ಏಳಲಾಕತ್ತದಂತ.
ಶಂಕ್ರಪ್ಪನ ಎಮ್ಮಿ ಹಿಂಡಿದರ ರಕ್ತ ಅಂತ.
ಟ್ರಂಕಿನೊಳಗ ಮಡಚಿಟ್ಟ ಇಳಕಲ್ ಸೀರಿಗಿ
ನಡು ಮಡಿಕಿಗೇ ತೂತು, ಇಲಿ ಹಂಗ ಕಡಿತದೇನ?
ಅಮಾಸಿ ರಾತ್ರಿ ಆಕಿ ಮನ್ಯಾಗ ದೀಪ ಇತ್ತಂತ.
ದೀಪ ಎಲ್ಲರ ಮನ್ಯಾಗೂ ಇತ್ತು.
ಆಕಿ ಒಬ್ಬಾಕಿ ಇದ್ದಳು, ಅಷ್ಟೇ ಫರಕು.
ಗಂಡ ಖಣಿಯೊಳಗ ಸತ್ತು ಬಂದ ರೊಕ್ಕದಾಗ
ಒಬ್ಬರಿಗೂ ಒಂದು ರೂಪಾಯಿ ಕೈಗಡ ಕೊಡದಾಕಿ ಅಂತ.

ಕೊಟ್ಟಿದ್ದಳು. ಬಂಡಮ್ಮಗ, ನಾನ್ನೂರು.
ಹಿಂದಕ್ಕ ಕೇಳಿದ್ದಳು.

ಭಾನಾಮತಿ ಅನ್ನೋ ಶಬ್ದ
ಮೊದಲು ಯಾರ ಬಾಯಿಂದ ಬಿತ್ತೋ
ಇವತ್ತಿಗೂ ಗೊತ್ತಿಲ್ಲ.
ಎಲ್ಲರೂ ಇನ್ನೊಬ್ಬರ ಕಡಿಂದ ಕೇಳಿದವರೇ.

ಸಂಜಿಗಿ ಹುಡುಗ ಬಾಗಿಲಿಗಿ ಬಂದ:
"ಕಾಕೂ, ಇಕ್ಕಳ ಅದೇನ?"
ಹಾಲು ಇಳಿಸಿ, ಬೂದಿ ಒರಸಿ, ಕೊಟ್ಟೆ.
ಯಾತಕ್ಕ ಅಂತ ಕೇಳಲಿಲ್ಲ.
ಕೇಳಲಿಲ್ಲ ಅಂದ್ರ
ಗೊತ್ತಿತ್ತು ಅಂತನೇ ಅರ್ಥ.

ಹಲ್ಲು ಕಿತ್ತರ ಮಂತ್ರ ತೊದಲ್ತದ,
ತೊದಲಿದ ಮಂತ್ರ ತಾಕಂಗಿಲ್ಲ. ಹಂಗಂತ.
ಕೈ ಹಿಡಿದವರು ಹೆಣ್ಣುಮಕ್ಕಳೇ,
ಬಳಿಗಾರ ಬಂದಾಗ ಗೆಳತಿ ಕೈ ಹಿಡದಂಗ,
ಅಲುಗಬ್ಯಾಡ ಅನ್ಕೋತ.
ಮ್ಯಾಲಿನವು ನಾಕು, ಕೆಳಗಿನವು ಎರಡು.
ನಾ ಹೋಗಿರಲಿಲ್ಲ. ಕೂಸಿನ ಹಣಿ ಮ್ಯಾಲ
ಹಸಿ ಅರಿವಿ ಹಾಕ್ಕೋತ ಕುಂತಿದ್ದೆ.
ಈ ಲೆಕ್ಕ ಸೈತ ಮಂದಿ ಹೇಳಿದ್ದು.

ಮುಂಜಾನಿ ಇಕ್ಕಳ ಹೊಸ್ತಿಲ ಮ್ಯಾಲ ಇತ್ತು.
ತೊಳದಿತ್ತು.
ನಮ್ಮೂರಾಗ ಇಸಗೊಂಡಿದ್ದು ತೊಳದೇ ಕೊಡ್ತಾರ.

ಸೇಡಂದಿಂದ ಫೌಜದಾರ ಬಂದ.
ಯಾರ ಒಲಿ ಮ್ಯಾಲ ಏನು ಕುದಿತದ ಅಂತ
ವಾಸನಿ ಮ್ಯಾಲ ಹೇಳೋ ಊರು
ಅವತ್ತು ಮಾತ್ರ "ಏನೂ ಗೊತ್ತಿಲ್ಲರೀ ಸಾಹೇಬ್ರ" ಅಂತು.
ಮೂರನೇ ದಿನ ಕಲಬುರ್ಗಿ ದವಾಖಾನಿ ಚೀಟಿ ಬಂತು:
ಟೈಫಾಯಿಡ್.
ಗೋಡಿ ಗೂಡಿನೊಳಗ ಇಟ್ಟೆ, ಕುಂಕುಮದ ಭರಣಿ ಕೆಳಗ.
ಅದೊಂದು ಮಾತು ನಾ ಯಾರ ಮುಂದೂ ಆಡಲಿಲ್ಲ,
ತಾನಾಗೇ ಎಲ್ಲಿಗೂ ಹೋಗಲಿಲ್ಲ.

ಪುತಳಾಬಾಯಿ ಊರು ಬಿಡಲಿಲ್ಲ.
ಸೆರಗು ಬಾಯಿಗಿ ಒತ್ತಿ ನಡೀತಾಳ,
ಕಟಿ ರೊಟ್ಟಿ ಸಾರಿನೊಳಗ ನೆನಸಿ ಉಣ್ತಾಳ.
ಮಗಳು ಸಾಲಿಗಿ ಹೊಂಟಳು, ಅಂಗಳದಾಗ ಕುಂತು
ಜೋರು ದನಿಲೇ ಅಕ್ಷರ ಓದ್ತಿದ್ದಳು.
ತ ಥ ದ ಧ ನ
ಆ ಸಾಲು ಬಂತಂದ್ರ ನಾ ಒಳಗ ಹೋಗಿ
ಉರಿಯೋ ಒಲಿನೇ ಊದ್ತಿದ್ದೆ.

ನಿನ್ನಿ ನಳದ ಮುಂದ ನಾವಿಬ್ಬರೇ.
ನನ್ನ ಕೊಡ ತುಂಬಿ ಸುರೀತಿತ್ತು, ನನಗ ಖಬರಿಲ್ಲ.
ಆಕಿ ಕೂಗಿದಳು.
"ತಂಗೀ" ಅಂದಿರಬೇಕು.
ಮುಂದಿನ ಹಲ್ಲಿಲ್ಲದ ಬಾಯಾಗ ತಕಾರ ನಿಲ್ಲಂಗಿಲ್ಲ.
"ಹಂಗಾ…" ಅಂತ ಕೇಳಿತು.

ನಳ ಬಂದ್ ಮಾಡಿದೆ.
ನೀರಿನ ಸಪ್ಪಳ ನಿಂತ ಮ್ಯಾಲ
ಇನ್ನೊಮ್ಮಿ ಅಂದಳು.
ಕೊಡ ತಲಿ ಮ್ಯಾಲ ಏರಸಲಾಕ
ಆಕಿನೇ ಕೈ ಹಚ್ಚಿದಳು.